ನಗೆಚಿತ್ರವೂ ಅರ್ಥಶಾಸ್ತ್ರದ ಪಾಠವೂ

ಶಾಸ್ತ್ರವನ್ನು ನಗೆಯ ಮೂಲಕ ಕಲಿಸಬಹುದೇ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಮಂದಮತಿಗಳಾದ ಮೂವರು ರಾಜಕುಮಾರರಿಗೆ ಆರು ತಿಂಗಳೊಳಗೆ ನೀತಿಶಾಸ್ತ್ರವನ್ನು ಕಲಿಸಿಕೊಡುವೆನೆಂದು ಪಣತೊಟ್ಟ ವಿಷ್ಣುಶರ್ಮನು ಅವರ ಮುಂದೆ ಸೂತ್ರಗಳ ಕಟ್ಟನ್ನು ಬಿಚ್ಚಲಿಲ್ಲ. ನರಿ, ಮೊಸಳೆ, ಕಾಗೆ, ಗೂಬೆಗಳನ್ನು ತಂದು ನಿಲ್ಲಿಸಿದನು. ಆ ಪಂಚತಂತ್ರದ ಪರಂಪರೆಯನ್ನು 11ನೆಯ ಶತಮಾನದಲ್ಲಿಯೇ ದುರ್ಗಸಿಂಹನು ಕನ್ನಡಕ್ಕೆ ತಂದನು. ಅಲಂಕಾರಶಾಸ್ತ್ರಜ್ಞನಾದ ಮಮ್ಮಟನು ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರಾಗಿ ವಿಂಗಡಿಸಿದಾಗ, ಒಡೆಯನ ಆಜ್ಞೆಗಿಂತ ಗೆಳೆಯನ ಮಾತೂ, ಅದಕ್ಕಿಂತ ನಲ್ಲೆಯ ಮಾತೂ ಹೃದಯಕ್ಕೆ ಬೇಗ ಇಳಿಯುತ್ತವೆಂಬ ಅನುಭವವನ್ನೇ ಶಾಸ್ತ್ರವಾಗಿಸಿದನು. ಹೀಗಿರುವಲ್ಲಿ, ಇಂದಿನ ವಿದ್ಯಾರ್ಥಿಗಳ ಅಂಗೈಯಲ್ಲಿ ಮಿಂಚಿ ಮರೆಯಾಗುವ ನಗೆಚಿತ್ರಗಳನ್ನು ಅರ್ಥಶಾಸ್ತ್ರದ ತರಗತಿಗೆ ಬರಗೊಡಬಹುದೇ ಎಂಬ ಚರ್ಚೆ ಅಧ್ಯಾಪಕವರ್ಗದಲ್ಲಿ ಎದ್ದಿದ್ದರೆ ಅದನ್ನು ಹಗುರವೆಂದು ತಳ್ಳಿಹಾಕುವುದು ಉಚಿತವಲ್ಲ.

ಈ ನಗೆಚಿತ್ರಗಳಿಗೆ ‘ಮೀಮ್’ ಎಂಬ ಹೆಸರು ರೂಢಿಯಾಗಿದೆ. ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1976ರಲ್ಲಿ ತಮ್ಮ ಗ್ರಂಥವೊಂದರಲ್ಲಿ, ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಅನುಕರಣದಿಂದ ಹರಡುವ ಭಾವನೆ, ರಾಗ, ನುಡಿಗಟ್ಟು ಮುಂತಾದುವನ್ನು ಸೂಚಿಸಲು, ಅನುಕರಣವೆಂಬ ಅರ್ಥದ ಗ್ರೀಕ್ ಪದವನ್ನು ಮೊಟಕುಗೊಳಿಸಿ ಈ ಶಬ್ದವನ್ನು ರಚಿಸಿದರು. ಕನ್ನಡದ ‘ಅಣಕ’ ಎಂಬ ಪದದಲ್ಲಿ ಅನುಕರಣವೂ ಪರಿಹಾಸವೂ ಒಟ್ಟಿಗೇ ಇರುವುದನ್ನು ಗಮನಿಸಿದರೆ, ಈ ವಸ್ತುವಿಗೆ ‘ಅಣಕುಚಿತ್ರ’ ಎಂಬ ಹೆಸರು ಪರಕೀಯವೆನಿಸಲಾರದು. ಎಲ್ಲರಿಗೂ ಪರಿಚಿತವಾದ ಒಂದು ಚಿತ್ರ, ಅದು ನರಸಿಂಹರಾಜು ಅವರ ಹುಬ್ಬೇರಿಸಿದ ಮುಖವಾಗಿರಬಹುದು, ಸಾಧು ಕೋಕಿಲ ಅವರ ಬೆರಗಿನ ನೋಟವಾಗಿರಬಹುದು, ಅದರ ಮೇಲೆ ಎರಡು ಸಾಲಿನ ಹೊಸ ಮಾತು: ಇಷ್ಟೇ ಅದರ ಶರೀರ. ಚಿತ್ರ ಹಳೆಯದು, ಸಂದರ್ಭ ಹೊಸದು. ಆ ಎರಡರ ಘರ್ಷಣೆಯಿಂದ ನಗೆ ಹುಟ್ಟುತ್ತದೆ.

ಇಂಥ ಚಿತ್ರ ಅರ್ಥಶಾಸ್ತ್ರಕ್ಕೇ ಏಕೆ ಬೇಕಾಯಿತು? ಕಾರಣ ಸ್ಪಷ್ಟ. ಪ್ರೌಢಶಾಲೆಯ ಸಮಾಜವಿಜ್ಞಾನದಲ್ಲಿ ಅಲ್ಪವಾಗಿ ಆರಂಭವಾಗಿ, ಪದವಿಪೂರ್ವ ತರಗತಿಗಳಲ್ಲಿ ಪೂರ್ಣರೂಪ ತಾಳುವ ಈ ಶಾಸ್ತ್ರವು ಹಳ್ಳಿಯ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಶಬ್ದಗಳ ಕೋಟೆಯಾಗಿ. ಇಳಿಮುಖ ಸೀಮಾಂತ ತುಷ್ಟಿಗುಣ, ಬೇಡಿಕೆಯ ಸ್ಥಿತಿಸ್ಥಾಪಕತ್ವ, ತಟಸ್ಥ ವಕ್ರರೇಖೆ, ಅವಕಾಶ ವೆಚ್ಚ ಎಂಬಿವು ದೋಷಯುಕ್ತ ಪದಗಳಲ್ಲ. ಪರಿಶ್ರಮಪಟ್ಟು ಕಟ್ಟಿದ ಸಾರ್ಥಕ ಪಾರಿಭಾಷಿಕಗಳೇ ಹೌದು. ಆದರೆ ವಸ್ತುವಿನ ಅನುಭವಕ್ಕೆ ಮೊದಲು ವಸ್ತುವಿನ ಹೆಸರು ಬಂದರೆ ಬಾಲಕನು ಹೆಸರನ್ನು ಕಂಠಪಾಠ ಮಾಡುತ್ತಾನೆ. ವಸ್ತು ಅವನ ಕೈಗೆ ಸಿಕ್ಕುವುದಿಲ್ಲ. ಇದರಲ್ಲಿ ಒಂದು ವಿಪರ್ಯಾಸವಿದೆ. ಕೊಡಚಾದ್ರಿಯ ತಪ್ಪಲಿನ ನಿಟ್ಟೂರಿನಂಥ ಊರಿನ ಹುಡುಗನು ಅಡಿಕೆಯ ಧಾರಣೆ ಏರಿದ ಸಂಜೆ ಮನೆಯ ಮಾತುಕತೆ ಹೇಗಿರುತ್ತದೆ, ಇಳಿದ ಸಂಜೆ ಹೇಗಿರುತ್ತದೆ ಎಂಬುದನ್ನು ಹುಟ್ಟಿದಂದಿನಿಂದ ಬಲ್ಲ. ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ತರಗಳ ಬೆಲೆಯ ಅಂತರ ಅವನಿಗೆ ತಿಳಿದಿದೆ. ಶಾಸ್ತ್ರದ ಅರ್ಧಭಾಗ ಅವನ ಮನೆಯಂಗಳದಲ್ಲಿಯೇ ಒಣಗುತ್ತಿರುವಾಗ ಪರೀಕ್ಷೆಯಲ್ಲಿ ಮಾತ್ರ ಅವನು ಆ ಶಾಸ್ತ್ರದಲ್ಲಿ ದುರ್ಬಲನೆನಿಸಿಕೊಳ್ಳುವುದು ವಿಷಾದಕರ. ಅಂಗಳಕ್ಕೂ ಗ್ರಂಥಕ್ಕೂ ನಡುವೆ ಸೇತುವೆಯೊಂದು ಬೇಕು. ನಗೆಚಿತ್ರ ಅಂಥ ಸೇತುವೆಯಾಗಬಲ್ಲುದೇ ಎಂಬುದೇ ಪ್ರಕೃತ ವಿಚಾರ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತಿವೆ. ಕಾಲಕ್ಕೆ ತಕ್ಕಂತೆ ಬೋಧನೆ ಬದಲಾಗಬೇಕು, ಮಕ್ಕಳು ಇರುವಲ್ಲಿಗೆ ಗುರುವು ಹೋಗಬೇಕು ಎಂಬುದು ಒಂದು. ವಿದ್ಯಾಮಂದಿರದಲ್ಲಿ ವಿದೂಷಕತನಕ್ಕೆ ಎಡೆಗೊಟ್ಟರೆ ಶಾಸ್ತ್ರದ ಗಾಂಭೀರ್ಯವೂ ಗುರುವಿನ ಗೌರವವೂ ಕುಂದುವುವು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಮಲೆನಾಡಿನ ಯಕ್ಷಗಾನವನ್ನು ನೋಡಿದವರಿಗೆ ಇದರ ಪರಿಹಾರ ಸುಲಭವಾಗಿ ಹೊಳೆಯಬಹುದು. ರಾಜನು ಗಂಭೀರವಾದ ಮಾತಿನಲ್ಲಿ ಹೇಳಿದ್ದನ್ನು ಹಾಸ್ಯಗಾರನು ಊರಿನ ಮಾತಿನಲ್ಲಿ ಮತ್ತೆ ಹೇಳುತ್ತಾನೆ. ನಿದ್ದೆಗಣ್ಣಿನ ಪ್ರೇಕ್ಷಕನು ಎಚ್ಚರಗೊಳ್ಳುವುದು, ಕಥೆಯ ಎಳೆಯನ್ನು ಹಿಡಿಯುವುದು ಆ ಕ್ಷಣದಲ್ಲಿ. ಹಾಸ್ಯಗಾರನಿಲ್ಲದ ಮೇಳ ಸಪ್ಪೆ, ನಿಜ. ಆದರೆ ಪ್ರಸಂಗವನ್ನು ನಡೆಸುವವನು ಭಾಗವತನೇ ಹೊರತು ಹಾಸ್ಯಗಾರನಲ್ಲ. ಹಾಸ್ಯಗಾರನಿಗೆ ರಂಗಪ್ರವೇಶವನ್ನು ನಿರಾಕರಿಸುವುದೂ ತಪ್ಪು, ಜಾಗಟೆಯನ್ನು ಅವನ ಕೈಗೆ ಕೊಡುವುದೂ ತಪ್ಪು.

ಆರ್ಥಿಕ ವಿಚಾರವನ್ನು ನಗೆಯಲ್ಲಿ ಹೇಳುವ ಕಲೆ ಕನ್ನಡಿಗರಿಗೆ ಅಪರಿಚಿತವಲ್ಲ. ವೈದ್ಯರಾದ ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಿಂದ 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಪತ್ರಿಕೆ ಯುದ್ಧಕಾಲದ ಅಭಾವದ ದಿನಗಳಲ್ಲಿಯೇ ಹುಟ್ಟಿ ಬೆಳೆಯಿತು. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳು ಆ ಪತ್ರಿಕೆಯಲ್ಲಿ ಬೆಳಕು ಕಂಡುವು. ಅವರೇ ಮುಂದೆ ಚೌಕಳಿ ಕೋಟಿನ, ಮಾತನಾಡದ ‘ಶ್ರೀಸಾಮಾನ್ಯ’ನನ್ನು ಸೃಷ್ಟಿಸಿ, ಬೆಲೆಯೇರಿಕೆ, ತೆರಿಗೆ, ಆಯವ್ಯಯಪತ್ರಗಳ ಅರ್ಥವನ್ನು ದಶಕಗಳ ಕಾಲ ದೇಶಕ್ಕೆ ತಿಳಿಸಿಕೊಟ್ಟರು. ಅವರ ಚಿತ್ರಕ್ಕೂ ಇಂದಿನ ಅಣಕುಚಿತ್ರಕ್ಕೂ ಒಂದು ವ್ಯತ್ಯಾಸವಿದೆ. ಅದರ ಹಿಂದೆ ಹೆಸರುಳ್ಳ ಒಬ್ಬ ಕಲಾವಿದನಿದ್ದನು, ಆತನಿಗೆ ಹೊಣೆಯಿತ್ತು. ಇದರ ಹಿಂದೆ ಯಾರಿದ್ದಾರೆಂಬುದು ಯಾರಿಗೂ ತಿಳಿಯದು. ಈ ವ್ಯತ್ಯಾಸವನ್ನು ಮರೆಯದೆ ಮುಂದಿನ ಉದಾಹರಣೆಗಳನ್ನು ನೋಡಬೇಕು.

2023ರ ಜುಲೈ ತಿಂಗಳಿನಲ್ಲಿ ಟೊಮೇಟೊ ಹಣ್ಣಿನ ಬೆಲೆ ದೇಶಾದ್ಯಂತ ಕಿಲೋಗ್ರಾಮಿಗೆ ನೂರು ರೂಪಾಯಿಗಳನ್ನು ದಾಟಿತು. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋಗ್ರಾಮಿನ ಪೆಟ್ಟಿಗೆಯೊಂದು ಎರಡು ಸಾವಿರ ರೂಪಾಯಿಗೂ ಮಿಕ್ಕಿ ಮಾರಾಟವಾದ ದಿನಗಳಿದ್ದುವು. ಒಡವೆಯ ಪೆಟ್ಟಿಗೆಯಲ್ಲಿ ಟೊಮೇಟೊ, ಮದುವೆಯ ಉಡುಗೊರೆಯಾಗಿ ಟೊಮೇಟೊ ಎಂದು ಚಿತ್ರಗಳು ಮನೆಮನೆಗೂ ಹರಿದುವು. ಇಂಥ ಒಂದು ಚಿತ್ರವನ್ನು ಕರಿಹಲಗೆಯ ಪಕ್ಕದಲ್ಲಿ ಅಂಟಿಸಿ ಉಪಾಧ್ಯಾಯನು ಒಂದು ಸರಳವಾದ ಲೆಕ್ಕವನ್ನು ಕೊಡಲಿ. ಕಿಲೋ ಒಂದಕ್ಕೆ 20 ರೂಪಾಯಿ ಇದ್ದಾಗ ತಿಂಗಳಿಗೆ 4 ಕಿಲೋ ಕೊಳ್ಳುತ್ತಿದ್ದ ಮನೆಯು ಬೆಲೆ 100 ರೂಪಾಯಿಯಾದಾಗ 2 ಕಿಲೋ ಕೊಂಡಿತೆಂದು ಭಾವಿಸಿದರೆ, ಖರ್ಚು 80ರಿಂದ 200 ರೂಪಾಯಿಗೆ ಏರಿತು. ಬೆಲೆ ಐದು ಪಟ್ಟಾದರೂ ಕೊಳ್ಳುವ ಪ್ರಮಾಣ ಅರ್ಧಕ್ಕೆ ಮಾತ್ರ ಇಳಿಯಿತು. ಸಾರಿಗೆ ಹುಳಿ ಬೇಕೇಬೇಕಷ್ಟೆ! ಬೆಲೆಯ ಏರಿಳಿತಕ್ಕೆ ಬೇಡಿಕೆ ಅಷ್ಟಾಗಿ ಬಾಗುವುದಿಲ್ಲವೆಂಬ ಈ ಅನುಭವಕ್ಕೇ ಅಸ್ಥಿತಿಸ್ಥಾಪಕ ಬೇಡಿಕೆಯೆಂಬ ಹೆಸರು. ಈಗ ಆ ಪದ ಕೋಟೆಯಾಗಿ ಉಳಿಯದೆ ಬಾಗಿಲಾಗುತ್ತದೆ.

ಆದರೆ ಪಾಠ ಅಲ್ಲಿಗೆ ನಿಲ್ಲಬಾರದು. ಚಿತ್ರದಲ್ಲಿ ಕಾಣುವವನು ಕೊಳ್ಳುವವನೊಬ್ಬನೇ, ಬೆಳೆದವನೆಲ್ಲಿ? ಆ ವರ್ಷದ ಬೇಸಗೆಯಲ್ಲಿ ಬೆಲೆ ಕುಸಿದು, ಎಷ್ಟೋ ರೈತರು ಬೆಳೆಯನ್ನು ಅಲಕ್ಷಿಸಿದ್ದರು. ಅದರ ಮೇಲೆ ರೋಗ, ಅಕಾಲದ ಮಳೆ. ಹೀಗಾಗಿ ಬೆಲೆ ಏರಿದಾಗ ಬಹುಮಂದಿಯ ಬಳಿ ಮಾರಲು ಹಣ್ಣೇ ಇರಲಿಲ್ಲ. ಏರಿದ ಬೆಲೆಯನ್ನು ನಂಬಿ ಎಲ್ಲರೂ ನಾಟಿ ಮಾಡಿದ ಬೆಳೆ ಕೈಗೆ ಬರುವ ವೇಳೆಗೆ, ಅಂದರೆ ಅದೇ ವರ್ಷದ ಸೆಪ್ಟೆಂಬರ್ ತಿಂಗಳಿಗೆ, ಬೆಲೆ ಮತ್ತೆ ನೆಲಕಚ್ಚಿತ್ತು. ನಿನ್ನೆಯ ಬೆಲೆಯನ್ನು ನೋಡಿ ನಾಳೆಯ ಬೆಳೆಯನ್ನು ನಿರ್ಧರಿಸುವುದರಿಂದ ಉಂಟಾಗುವ ಈ ಸುತ್ತಾಟವನ್ನು ಅರ್ಥಶಾಸ್ತ್ರಜ್ಞರು ಜೇಡರ ಬಲೆಗೆ ಹೋಲಿಸುತ್ತಾರೆ. ಜುಲೈ ತಿಂಗಳಿನ ಚಿತ್ರ ಸೆಪ್ಟೆಂಬರಿನಲ್ಲಿ ಯಾರಿಗೂ ನೆನಪಿರಲಿಲ್ಲ, ಬೀದಿಗೆ ಸುರಿದ ಹಣ್ಣಿನ ಬಗ್ಗೆ ಅಷ್ಟೊಂದು ನಗೆಯೂ ಹುಟ್ಟಲಿಲ್ಲ. ಯಾರ ಕಷ್ಟಕ್ಕೆ ನಗೆಚಿತ್ರ ಹುಟ್ಟುತ್ತದೆ, ಯಾರ ಕಷ್ಟಕ್ಕೆ ಹುಟ್ಟುವುದಿಲ್ಲ ಎಂಬ ಪ್ರಶ್ನೆಯೇ ಅರ್ಥಶಾಸ್ತ್ರದ ಒಂದು ಉತ್ತಮ ಪಾಠವಾಗಬಲ್ಲುದು.

ಇನ್ನೊಂದು ಉದಾಹರಣೆ ಮಲೆನಾಡಿಗೆ ಇನ್ನೂ ಹತ್ತಿರವಾದುದು. ಪ್ರೇಯಸಿಯ ಜೊತೆಯಲ್ಲಿ ನಡೆಯುತ್ತಿರುವ ಯುವಕನೊಬ್ಬನು ಎದುರಿಗೆ ದಾಟಿಹೋದ ಮತ್ತೊಬ್ಬಳನ್ನು ತಿರುಗಿ ನೋಡುತ್ತಿರುವ ಚಿತ್ರವೊಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಸ್ಪೇನ್ ದೇಶದ ಛಾಯಾಗ್ರಾಹಕರೊಬ್ಬರು 2015ರಲ್ಲಿ ತೆಗೆದ ಈ ಚಿತ್ರ 2017ರಿಂದೀಚೆಗೆ ಅಸಂಖ್ಯ ಅಣಕುಗಳಿಗೆ ಮೂಲವಾಯಿತು. ಯುವಕನನ್ನು ಬಳಕೆದಾರನೆಂದೂ ಇಬ್ಬರು ಯುವತಿಯರನ್ನು ಬದಲಿ ಸರಕುಗಳೆಂದೂ ಹೆಸರಿಸಿ ಆಯ್ಕೆಯ ತತ್ತ್ವವನ್ನು ತೋರಿಸುವುದು ಈ ಚಿತ್ರದಿಂದ ಸುಲಭ. ಹೊಸನಗರ, ತೀರ್ಥಹಳ್ಳಿ, ಸಾಗರಗಳ ಕಡೆಯಲ್ಲಾದರೆ ಯುವಕನಿಗೆ ರೈತನೆಂದೂ, ಕೈಹಿಡಿದವಳಿಗೆ ಭತ್ತದ ಗದ್ದೆಯೆಂದೂ, ಎದುರಿನವಳಿಗೆ ಅಡಿಕೆ ತೋಟವೆಂದೂ ಹೆಸರಿಡಲು ಯಾವ ಹುಡುಗನಿಗೂ ಕ್ಷಣವೂ ಬೇಡ. ನೀರು ನಿಲ್ಲುವ ಗದ್ದೆಗಳು ಕಣ್ಣೆದುರಿಗೇ ತೋಟಗಳಾಗಿ ಮಾರ್ಪಡುತ್ತಿರುವುದನ್ನು ಅವನು ಕಾಣುತ್ತಿದ್ದಾನೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು ಶಾಸ್ತ್ರದ ವಿಷಯ. ರೈತನು ಚಪಲಚಿತ್ತದಿಂದ ತೋಟದ ಕಡೆ ತಿರುಗಿದವನಲ್ಲ. ಆಳಿನ ಅಭಾವ, ಭತ್ತಕ್ಕೆ ಸಿಗದ ಬೆಲೆ, ಕಾಡುಪ್ರಾಣಿಗಳ ಹಾವಳಿ ಇವೆಲ್ಲ ಅವನನ್ನು ತಿರುಗಿಸಿವೆ. ತಿರುಗಿದ ಮೇಲೂ ಸಸಿ ಫಲ ಕೊಡಲು ಐದಾರು ವರ್ಷಗಳಾದರೂ ಬೇಕು. ಆ ಐದಾರು ವರ್ಷ ಬೆಳೆಯಬಹುದಾಗಿದ್ದು ಬೆಳೆಯದೆ ಬಿಟ್ಟ ಭತ್ತವೇ ಅವನ ತೋಟದ ಅವಕಾಶ ವೆಚ್ಚ. ಇದು ಯಾವ ರಸೀದಿಯಲ್ಲಿಯೂ ಕಾಣುವುದಿಲ್ಲ. ಎರಡನೆಯದು ಔಚಿತ್ಯದ ವಿಷಯ. ಹೆಣ್ಣನ್ನು ಕೊಳ್ಳುವ ಬಿಡುವ ಸರಕಿನಂತೆ ತೋರುವ ಈ ಚಿತ್ರವನ್ನು ಸ್ವೀಡನ್ನಿನ ಸಂಸ್ಥೆಯೊಂದು ಜಾಹೀರಾತಿನಲ್ಲಿ ಬಳಸಿದಾಗ, ಅಲ್ಲಿನ ಜಾಹೀರಾತು ನಿಯಂತ್ರಣ ಮಂಡಲಿಯೇ 2018ರಲ್ಲಿ ಅದನ್ನು ಸ್ತ್ರೀಯರಿಗೆ ಅವಮಾನಕರವೆಂದು ಹೇಳಿತು. ಅದೇ ಪಾಠವನ್ನು ಎರಡು ದೋಣಿಗಳ ಮೇಲೆ ಕಾಲಿಟ್ಟವನ ಚಿತ್ರದಿಂದಲೂ ಹೇಳಬಹುದಾಗಿರುವಾಗ, ಹೆಣ್ಣುಮಕ್ಕಳು ತಲೆತಗ್ಗಿಸಿ ಕುಳಿತುಕೊಳ್ಳಬೇಕಾದ ಚಿತ್ರವನ್ನು ಗೋಡೆಗೆ ಏರಿಸುವ ಅವಶ್ಯಕತೆಯೇನಿದೆ?

ಅಡಿಕೆಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ತರಿಸಿಕೊಳ್ಳಲು 2022ರಲ್ಲಿ ಕೇಂದ್ರ ಸರಕಾರ ಅನುಮತಿ ಕೊಟ್ಟಾಗ ಮಲೆನಾಡು ತಲ್ಲಣಿಸಿತು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗ್ರಾಮಿಗೆ 251 ರೂಪಾಯಿಗಳಿಂದ 351 ರೂಪಾಯಿಗಳಿಗೆ ಏರಿಸಲಾಯಿತು. ಈ ಎರಡು ಆಜ್ಞೆಗಳ ಬಗ್ಗೆ ವಿದ್ಯಾರ್ಥಿಗಳಿಂದಲೇ ನಗೆಚಿತ್ರ ಬರೆಸಿದರೆ ಪೂರೈಕೆ, ಆಮದು, ಸಂರಕ್ಷಣೆಗಳ ಅಧ್ಯಾಯ ಅರ್ಧ ಮುಗಿದಂತೆ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಏಕೆ ಹುಟ್ಟಿತು, ಅದಕ್ಕೂ ಮೊದಲೇ ಶಿವಮೊಗ್ಗೆಯಲ್ಲಿ ಮ್ಯಾಮ್‌ಕೋಸ್ ಏಕೆ ಬೇಕಾಯಿತು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಮನೆಯಲ್ಲಿ ಎತ್ತಲು ಸಂಕೋಚವಾಗುವ ಪ್ರಶ್ನೆಯೂ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ 2004ರಲ್ಲಿಯೇ ಸೇರಿಸಿದೆ. ಬೆಳೆಗಾರನ ಬದುಕು, ಜಗಿಯುವವನ ಆರೋಗ್ಯ, ಚಿಕಿತ್ಸೆಯ ವೆಚ್ಚ ಹೊರುವ ಸಮಾಜ ಇವುಗಳ ನಡುವಣ ಲೆಕ್ಕಕ್ಕೆ ಬಾಹ್ಯ ಪರಿಣಾಮವೆಂದು ಹೆಸರು. ತೋಟದ ಮನೆಯ ಮಗುವಿಗೆ ಈ ವಿಷಯವನ್ನು ಉಪದೇಶವಾಗಿ ಹೇಳಿದರೆ ನೋವಾಗುತ್ತದೆ. ಮೃದುವಾದ ನಗೆಯೊಡನೆ ಎತ್ತಿದರೆ ವಿಚಾರಕ್ಕೆ ಎಡೆಯಾಗುತ್ತದೆ. ನಗೆಯ ನಿಜವಾದ ಉಪಯೋಗ ಇಂಥಲ್ಲಿ.

ಹಣದುಬ್ಬರದ ವಿಷಯವನ್ನೂ ನೋಡಬಹುದು. ಮೈಸೂರಿನಲ್ಲಿಯೇ ನೋಟು ಅಚ್ಚು ಹಾಕುವ ಮುದ್ರಣಾಲಯವಿರುವಾಗ ದೇಶದಲ್ಲಿ ಬಡತನವೇಕೆ, ಬೇಕಾದಷ್ಟು ಅಚ್ಚು ಹಾಕಿ ಹಂಚಬಾರದೇ ಎಂದು ಮುಗ್ಧನಾದ ವಿದ್ಯಾರ್ಥಿ ಕೇಳುವುದುಂಟು. 2020ರಲ್ಲಿ ಕೋವಿಡ್ ಪಿಡುಗಿನ ಕಾಲದಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಆರ್ಥಿಕತೆಗೆ ಅಪಾರ ಹಣವನ್ನು ಹರಿಸಿದಾಗ, ಗರಗರನೆ ನೋಟು ಮುದ್ರಿಸುವ ಯಂತ್ರದ ನಗೆಚಿತ್ರವೊಂದು ಲೋಕಪ್ರಸಿದ್ಧವಾಯಿತು. ಆ ಚಿತ್ರ ದೂರದ್ದು. ವಿದ್ಯಾಸಂಸ್ಥೆಗಳ ಗೋಡೆಯ ಮೇಲೆಯೇ ಹತ್ತಿರದ ಚಿತ್ರವಿದೆ. ಪುಣ್ಯಾತ್ಮರೊಬ್ಬರು 1980ರಲ್ಲಿ ಹಿರಿಯರ ಸ್ಮರಣಾರ್ಥ ಸಾವಿರ ರೂಪಾಯಿಗಳ ದತ್ತಿನಿಧಿಯನ್ನು ಇಟ್ಟರೆಂದು ಭಾವಿಸಿದರೆ, ನೂರಕ್ಕೆ ಹತ್ತರಂತೆ ಬರುವ ಬಡ್ಡಿ ವರ್ಷಕ್ಕೆ ನೂರು ರೂಪಾಯಿ. ಅಂದು ಆ ಹಣಕ್ಕೆ ಪುಸ್ತಕಗಳ ಒಂದು ಕಟ್ಟೇ ಬರುತ್ತಿತ್ತು. ಇಂದು ಒಂದು ಒಳ್ಳೆಯ ಪುಸ್ತಕ ಬರುವುದೂ ಕಷ್ಟ. ದಾನಿಯ ಭಕ್ತಿ ಕುಂದಿಲ್ಲ, ಫಲಕದ ಮೇಲಿನ ಅಕ್ಷರ ಮಾಸಿಲ್ಲ, ಅಂಕಿಯೂ ಬದಲಾಗಿಲ್ಲ. ರೂಪಾಯಿಯ ಕೊಳ್ಳುವ ಶಕ್ತಿ ಮಾತ್ರ ಕರಗಿದೆ. ಅಂದಿನ ಬಹುಮಾನವನ್ನು ಹೊತ್ತುಕೊಂಡು ಹೋಗುವ ತಂದೆ, ಇಂದಿನ ಅದೇ ಬಹುಮಾನವನ್ನು ಜೇಬಿಗಿಟ್ಟುಕೊಳ್ಳುವ ಮಗ ಎಂಬ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಹಣದುಬ್ಬರದ ವ್ಯಾಖ್ಯೆ ಬೇರೆ ಬೇಕಿಲ್ಲ. ಶ್ರೀಮಠದ ಪ್ರಸಾದನಿಲಯಗಳ ಉಗ್ರಾಣದ ಲೆಕ್ಕಪುಸ್ತಕಗಳಲ್ಲಿ ಅಕ್ಕಿ, ಬೇಳೆ, ಎಣ್ಣೆಗಳ ಹಳೆಯ ದರಗಳು ದೊರೆತರಂತೂ ಬೆಲೆಸೂಚ್ಯಂಕದ ಪಾಠಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ಗ್ರಂಥ ಇನ್ನೊಂದಿಲ್ಲ.

ಇಷ್ಟು ಉದಾಹರಣೆಗಳಿಂದ ನಗೆಚಿತ್ರ ಸಾಧನವಾಗಬಲ್ಲುದೆಂಬುದು ಸಿದ್ಧವಾಯಿತು. ಆದರೆ ಬಳಸುವ ಕ್ರಮವೇನು? ಪ್ರಾಚೀನ ಶಾಸ್ತ್ರಪಾಠದ ಕ್ರಮವೇ ಇದಕ್ಕೂ ಸಾಲುತ್ತದೆ. ಅಲ್ಲಿ ಮೊದಲು ಪೂರ್ವಪಕ್ಷ, ಅನಂತರ ಅದರ ಖಂಡನೆ, ಕೊನೆಯಲ್ಲಿ ಸಿದ್ಧಾಂತ. ನಗೆಚಿತ್ರವನ್ನು ಪೂರ್ವಪಕ್ಷವೆಂದು ತಿಳಿಯಬೇಕು. ಅದು ಒಂದು ವಾದವನ್ನು ಮುಂದಿಡುತ್ತದೆ: ಟೊಮೇಟೊ ಚಿನ್ನವಾಯಿತು, ರೈತನು ಚಪಲ, ನೋಟು ಮುದ್ರಿಸಿದರೆ ಸಿರಿ. ಮೊದಲ ಅವಧಿಯಲ್ಲಿ ನೋಡಲಿ, ನಗಲಿ. ಎರಡನೆಯ ಅವಧಿಯಲ್ಲಿ ಚಿತ್ರದೊಳಗಿನ ವಾದವನ್ನು ತನ್ನ ಮಾತಿನಲ್ಲಿ, ಶಾಸ್ತ್ರದ ಪಾರಿಭಾಷಿಕವನ್ನು ಬಳಸಿ, ಸ್ಫುಟವಾದ ಕನ್ನಡದಲ್ಲಿ ಬರೆಯಲಿ. ಮೂರನೆಯ ಅವಧಿಯಲ್ಲಿ ಆ ಚಿತ್ರ ಎಲ್ಲಿ ಸುಳ್ಳಾಡುತ್ತದೆ, ಯಾರನ್ನು ಮರೆಮಾಡುತ್ತದೆ ಎಂಬುದನ್ನು ಅಂಕಿಅಂಶಗಳಿಂದ ತೋರಿಸಲಿ. ಮೂರನೆಯ ಮೆಟ್ಟಿಲನ್ನು ಏರಿಸದೆ ಮೊದಲನೆಯದರಲ್ಲಿಯೇ ಕೈಬಿಡುವ ಬೋಧನೆ ವಿನೋದವಾಗುತ್ತದೆಯೇ ಹೊರತು ವಿದ್ಯೆಯಾಗುವುದಿಲ್ಲ.

ಈ ಎಚ್ಚರಕ್ಕೆ ಆಧುನಿಕ ಮನೋವಿಜ್ಞಾನದ ಬೆಂಬಲವೂ ಇದೆ. ಚಿತ್ರ ಮತ್ತು ಮಾತುಗಳನ್ನು ಒಟ್ಟುಗೂಡಿಸಿ ಕಲಿಸುವ ಬಗೆಯನ್ನು ದೀರ್ಘಕಾಲ ಪರಿಶೀಲಿಸಿದ ಅಮೆರಿಕದ ರಿಚರ್ಡ್ ಮೇಯರ್ ಅವರು, ಪಾಠಕ್ಕೆ ಸಂಬಂಧವಿಲ್ಲದ ಆಕರ್ಷಕ ಅಂಶಗಳನ್ನು ಸೇರಿಸಿದರೆ ಕಲಿಕೆ ಹೆಚ್ಚುವುದರ ಬದಲು ಕುಂದುತ್ತದೆಂದು ತೋರಿಸಿದ್ದಾರೆ. ನಗೆ ನೆನಪಿನಲ್ಲಿ ಉಳಿದು ನಿಯಮ ಮರೆತುಹೋಗುವ ಅಪಾಯ ಕಲ್ಪನೆಯದಲ್ಲ. ಮತ್ತೊಂದು ತೊಡಕೂ ಇದೆ. ಅಣಕುಚಿತ್ರದ ಆಯುಸ್ಸು ಕೆಲವೇ ವಾರಗಳದು. ಕಳೆದ ವರ್ಷದ ಚಿತ್ರವನ್ನು ಈ ವರ್ಷ ತೋರಿಸುವ ಉಪಾಧ್ಯಾಯನೇ ವಿದ್ಯಾರ್ಥಿಗಳ ನಗೆಗೆ ವಸ್ತುವಾಗುತ್ತಾನೆ. ಆದುದರಿಂದ ಚಿತ್ರವನ್ನು ತರುವ, ಬರೆಯುವ ಕೆಲಸ ಮಕ್ಕಳದಾಗಿರಲಿ; ಅದನ್ನು ಒರೆಗೆ ಹಚ್ಚುವ ಕೆಲಸ ಗುರುವಿನದಾಗಿರಲಿ.

ಎಂಥ ನಗೆ ಶಾಲೆಗೆ ಯೋಗ್ಯ? ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಆರು ಬಗೆಯಾಗಿ ವಿಭಾಗಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನ ಎರಡು ಮಧ್ಯಮರಿಗೆ, ಕೊನೆಯ ಎರಡು ಅಧಮರಿಗೆ ಎಂಬುದು ಅವನ ನಿರ್ಣಯ. ತರಗತಿಯ ಬಾಗಿಲಿನಲ್ಲಿ ನಿಲ್ಲಿಸಬೇಕಾದ ಕಾವಲುಗಾರ ಈ ವಿಂಗಡಣೆಯೇ. ಜಾತಿಯನ್ನು, ಬಡತನವನ್ನು, ಮೈಬಣ್ಣವನ್ನು, ಸಾಲಗಾರನ ಸಂಕಟವನ್ನು ಅಣಕಿಸುವ ಚಿತ್ರಗಳು ಈ ಲೋಕದಲ್ಲಿ ಹೇರಳವಾಗಿವೆ. ಸಾಲಮನ್ನಾದ ಬಗ್ಗೆ ಪೇಟೆಯವರು ರಚಿಸಿದ ಚಿತ್ರವೊಂದಕ್ಕೆ ತರಗತಿಯೆಲ್ಲ ನಗುತ್ತಿರುವಾಗ, ಮನೆಯಲ್ಲಿ ಬ್ಯಾಂಕಿನ ನೋಟೀಸು ಬಂದಿರುವ ಮಗುವೊಂದು ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ಒಂದು ನಿಯಮದ ಜ್ಞಾನಕ್ಕಾಗಿ ಒಂದು ಮಗುವಿನ ಮಾನವನ್ನು ಕೊಡುವುದು ಯಾವ ಅರ್ಥಶಾಸ್ತ್ರದ ಪ್ರಕಾರವೂ ಲಾಭದ ವ್ಯವಹಾರವಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಅಡಿಕೆಯ ನಾಡಿಗೆ ಮರೆಯಬಾರದ್ದು.

ಹಾಗಾದರೆ ಈ ಗೊಡವೆಯೇ ಬೇಡ, ಶಾಲೆ ತನ್ನ ಪಾಡಿಗೆ ತಾನಿರಲಿ ಎನ್ನುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಾಲೆ ಬಾಗಿಲು ಮುಚ್ಚಿದ ಮಾತ್ರಕ್ಕೆ ನಗೆಚಿತ್ರ ಅರ್ಥಶಾಸ್ತ್ರವನ್ನು ಕಲಿಸುವುದನ್ನು ನಿಲ್ಲಿಸಿಲ್ಲ. ಅದು ಹೊರಗೆ ಕಲಿಸುತ್ತಲೇ ಇದೆ, ತಪ್ಪಾಗಿ ಕಲಿಸುತ್ತಿದೆ. 2013ರಲ್ಲಿ ನಾಯಿಯೊಂದರ ನಗೆಚಿತ್ರವನ್ನೇ ಲಾಂಛನವಾಗಿಟ್ಟುಕೊಂಡು ಕೇವಲ ವಿನೋದಕ್ಕಾಗಿ ಡೋಜ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯವನ್ನು ಹುಟ್ಟಿಸಿದರು. 2021ರಲ್ಲಿ ಜಗತ್ತಿನ ಅಸಂಖ್ಯ ಜನ ನಿಜವಾದ ಹಣವನ್ನು ಅದರಲ್ಲಿ ಸುರಿದರು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಗೇಮ್‌ಸ್ಟಾಪ್ ಕಂಪೆನಿಯ ಷೇರು ನಗೆಚಿತ್ರಗಳ ಅಲೆಯ ಮೇಲೆ ತೇಲಿ, ತಿಂಗಳ ಆರಂಭದಲ್ಲಿ 20 ಡಾಲರಿಗೂ ಕಡಿಮೆಯಿದ್ದುದು 28ನೆಯ ತಾರೀಖು 480 ಡಾಲರನ್ನು ಮೀರಿ, ಫೆಬ್ರವರಿಯ ಮೊದಲ ವಾರದಲ್ಲಿಯೇ 100 ಡಾಲರಿಗಿಂತ ಕೆಳಗೆ ಬಿತ್ತು. ಕೊನೆಗೆ ಬಂದು ಕೊಂಡವರು ನಗಲಿಲ್ಲ. ಭಾರತದಲ್ಲಿಯೂ ಹಣವನ್ನು ಪಣಕ್ಕಿಡುವ ಆಟಗಳ ಜಾಹೀರಾತುಗಳು ನಗೆಚಿತ್ರದ ವೇಷದಲ್ಲಿಯೇ ಹದಿಹರೆಯದವರನ್ನು ಮುಟ್ಟಿದುವು. 2025ರ ಆಗಸ್ಟ್ ತಿಂಗಳಿನಲ್ಲಿ ಸಂಸತ್ತು ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಬೇಕಾಗಿ ಬಂತು. ಶಾಸನ ಒಂದು ಬಾಗಿಲನ್ನು ಮುಚ್ಚಬಲ್ಲುದು. ಆಸೆ ಹತ್ತು ಕಿಂಡಿಗಳನ್ನು ತೆರೆಯುತ್ತದೆ. ದಿಢೀರ್ ಸಾಲ, ದಿಢೀರ್ ಲಾಭಗಳ ನಗೆಮೊಗದ ಹಿಂದೆ ಯಾರ ಪೆಟ್ಟಿಗೆ ತುಂಬುತ್ತಿದೆ ಎಂದು ಕೇಳುವ ಅಭ್ಯಾಸವನ್ನು ಹದಿನಾರನೆಯ ವಯಸ್ಸಿನಲ್ಲಿಯೇ ಕಲಿಸದಿದ್ದರೆ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅದನ್ನು ನಷ್ಟವೇ ಕಲಿಸುತ್ತದೆ. ಆ ಗುರುದಕ್ಷಿಣೆ ದುಬಾರಿಯಾದುದು.

ಗಾದೆಗಳು ಒಂದರ್ಥದಲ್ಲಿ ಪೂರ್ವಿಕರ ಅಣಕುಚಿತ್ರಗಳೇ. ಕರ್ತೃವಿನ ಹೆಸರಿಲ್ಲದೆ ಬಾಯಿಂದ ಬಾಯಿಗೆ ಹರಿದು, ಎರಡೇ ಮಾತಿನಲ್ಲಿ ಚಿತ್ರ ಬಿಡಿಸಿ ನಗಿಸುವ ಅವು ಅರ್ಥಶಾಸ್ತ್ರದಿಂದ ತುಂಬಿವೆ. ಅತಿಯಾದರೆ ಅಮೃತವೂ ವಿಷವೆಂಬುದರಲ್ಲಿ ಇಳಿಮುಖ ತುಷ್ಟಿಗುಣವಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬುದರಲ್ಲಿ ಮೂಲಧನದ ಕ್ಷಯವಿದೆ. ಆದರೆ ಗಾದೆಯನ್ನೂ ಒರೆಗೆ ಹಚ್ಚದೆ ಸ್ವೀಕರಿಸಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಮಾತು ಭೋಗದ ಸಾಲಕ್ಕೆ ಸತ್ಯ. ಫಲ ಬರುವವರೆಗೆ ತೋಟವನ್ನು ಸಾಕಲು ಸಹಕಾರಿ ಸಂಘದಿಂದ ಸಾಲ ಪಡೆಯುವ ರೈತನಿಗೆ ಅದು ಪೂರ್ಣ ಸತ್ಯವಲ್ಲ. ಹಳೆಯದೆಂಬ ಕಾರಣಕ್ಕೆ ಗಾದೆ ಪ್ರಮಾಣವಾಗುವುದಿಲ್ಲ, ಹೊಸದೆಂಬ ಕಾರಣಕ್ಕೆ ನಗೆಚಿತ್ರ ತ್ಯಾಜ್ಯವಾಗುವುದೂ ಇಲ್ಲ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ತೂಗಿಸಿದರೆ ಅಜ್ಜನ ಮಾತೂ ಮೊಮ್ಮಗನ ಚಿತ್ರವೂ ಒಂದೇ ಶಾಸ್ತ್ರದ ಎರಡು ಟೀಕೆಗಳಾಗಿ ತೋರುತ್ತವೆ.

ಇದಕ್ಕಾಗಿ ಶಾಲೆಯೊಳಕ್ಕೆ ಮೊಬೈಲು ಬರಬೇಕಾಗುತ್ತದೆಂದು ಪೋಷಕರೂ ದಾನಿಗಳೂ ಅಂಜಬೇಕಾಗಿಲ್ಲ. ಚಿತ್ರವನ್ನು ಕಾಗದದ ಮೇಲೆ ಬರೆಯಬಹುದು, ಕರಿಹಲಗೆಯ ಮೇಲೆ ಬಿಡಿಸಬಹುದು. ಒಂದು ಕಾಲದಲ್ಲಿ ಪ್ರತಿಯೊಂದು ಒಳ್ಳೆಯ ಶಾಲೆಯಲ್ಲಿಯೂ ಇದ್ದು ಈಗ ಅನೇಕ ಕಡೆ ಮಾಯವಾಗಿರುವ ಭಿತ್ತಿಪತ್ರಿಕೆಗೆ ಈ ನೆಪದಿಂದ ಪುನರ್ಜನ್ಮ ಬಂದರೆ ಅದೇ ಒಂದು ದೊಡ್ಡ ಲಾಭ. ವಾರಕ್ಕೊಂದು ಆರ್ಥಿಕ ನಗೆಚಿತ್ರ, ಅದರ ಕೆಳಗೆ ಬರೆದ ವಿದ್ಯಾರ್ಥಿಯ ಹೆಸರು, ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಖಂಡನೆ: ಇಷ್ಟಕ್ಕೆ ಖರ್ಚೇನೂ ಇಲ್ಲ. ಹೆಸರು ಬರೆಯಬೇಕಾದಾಗ ಹೊಣೆ ಬರುತ್ತದೆ. ಹೊಣೆ ಬಂದಾಗ ಅಪಹಸಿತ ತಾನಾಗಿಯೇ ಸ್ಮಿತಕ್ಕೆ ತಿರುಗುತ್ತದೆ.

ನಿಟ್ಟೂರಿನಿಂದ ದೂರವಲ್ಲದ ನಗರ, ಅಂದರೆ ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿದ್ದಿತು. ಅಲ್ಲಿಂದ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಭೂಕಂದಾಯವನ್ನು ಊಹೆಯಿಂದ ಗೊತ್ತುಮಾಡಲಿಲ್ಲ. ಬೇರೆ ಬೇರೆ ತರದ ಭೂಮಿಗಳಲ್ಲಿ ಹನ್ನೆರಡು ವರ್ಷಗಳ ಕಾಲ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚಾದದ್ದೆಷ್ಟು, ಬೆಳೆದದ್ದೆಷ್ಟು, ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಸಿ, ಸರಾಸರಿ ತೆಗೆದು, ಅದರ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ನಿಗದಿಮಾಡಿದನೆಂದು ಇತಿಹಾಸಕಾರರು ಹೇಳುತ್ತಾರೆ. ‘ಶಿವಪ್ಪನಾಯಕನ ಶಿಸ್ತು’ ಎಂದು ಜನ ಅದನ್ನು ಇಂದಿಗೂ ನೆನೆಯುತ್ತಾರೆ. ಅರ್ಥಶಾಸ್ತ್ರವೆಂದರೆ ಕೊನೆಗೆ ಇದೇ: ತಾಳ್ಮೆಯಿಂದ ನೋಡುವುದು, ಸುಳ್ಳಿಲ್ಲದೆ ಬರೆಯುವುದು, ಎರಡು ಕಡೆಯವರಿಗೂ ನ್ಯಾಯವಾಗುವಂತೆ ಹಂಚುವುದು. ನಗೆಚಿತ್ರ ಮಗುವನ್ನು ಈ ಶಿಸ್ತಿನ ಹೊಸ್ತಿಲಿಗೆ ತಂದು ಬಿಡಬಲ್ಲುದು. ಒಳಗಿನ ಹನ್ನೆರಡು ವರ್ಷಗಳ ಲೆಕ್ಕವನ್ನು ಬರೆಸಬೇಕಾದವನು ಗುರುವೇ. ಆ ಗುರುವಿಗೆ ಬಿಡುವನ್ನೂ ಬೆಂಬಲವನ್ನೂ ಒದಗಿಸುವುದು ಆಡಳಿತದ ಹೊಣೆ. ತಮ್ಮ ತಮ್ಮ ಉದ್ಯೋಗದ, ವ್ಯಾಪಾರದ, ತೋಟದ ನಿಜವಾದ ಲೆಕ್ಕಗಳನ್ನು ಮಕ್ಕಳ ಮುಂದೆ ಬಿಚ್ಚಿಡುವುದು ಹಿರಿಯ ವಿದ್ಯಾರ್ಥಿಗಳು ಸಲ್ಲಿಸಬಹುದಾದ ಸೇವೆ. ಹಳೆಯ ದತ್ತಿನಿಧಿಗಳ ಕರಗಿದ ಬೆಲೆಯನ್ನು ಮನಗಂಡು ಅವುಗಳಿಗೆ ಮತ್ತೆ ಜೀವ ತುಂಬುವುದು ದಾನಿಗಳ ಔದಾರ್ಯ. ಇವು ಕೂಡಿಬಂದಲ್ಲಿ, ನಗುತ್ತ ಒಳಬಂದ ಹುಡುಗನು ಲೆಕ್ಕ ಬಲ್ಲವನಾಗಿ ಹೊರಹೋಗುವನೆಂಬುದರಲ್ಲಿ ಸಂದೇಹವಿಲ್ಲ.